ಕಾರ್ಲೈಲ್ ತಂಡದ 1912ನೆಯ ವರ್ಷದ ಆಟಗಳು

ಅಮೆರಿಕದ ಕಾಲೇಜುಗಳಲ್ಲಿ ಫುಟ್‌ಬಾಲ್ ಎನಿಸಿಕೊಳ್ಳುವ ಆಟವು ನಮ್ಮಲ್ಲಿ ರೂಢಿಯಲ್ಲಿರುವ ಕಾಲ್ಚೆಂಡಾಟವಲ್ಲ. ಅಲ್ಲಿ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದೇ ಓಡುವರು. 1912ರಲ್ಲಿ ಆ ಆಟದಿಂದ ಕೀರ್ತಿಗೊಂಡ ಕಾರ್ಲೈಲ್ ತಂಡವಾದರೋ ನಿಜವಾಗಿ ಕಾಲೇಜಿನದೂ ಅಲ್ಲ. ಪೆನ್ಸಿಲ್ವೇನಿಯಾ ಪ್ರಾಂತ್ಯದ ಆ ಶಾಲೆಯನ್ನು 1879ರಲ್ಲಿ ಪ್ರ್ಯಾಟ್ ಎಂಬ ಸೇನಾಧಿಕಾರಿಯು ಸ್ಥಾಪಿಸಿದನು. ಆದಿನಿವಾಸಿಗಳ ಮಕ್ಕಳಿಂದ ಅವರ ಉಡುಪು, ಹೆಸರು, ಭಾಷೆಗಳನ್ನು ಬಿಡಿಸುವುದೇ ಅದರ ಉದ್ದೇಶವಾಗಿದ್ದಿತು. ತಾಯ್ನುಡಿಯನ್ನಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿದ್ದಿತು.

ಆ ವರ್ಷ ಆಟದ ನಿಯಮಗಳು ಮಾರ್ಪಟ್ಟುವು. ಹತ್ತು ಗಜ ಮುಂದುವರಿಯಲು ಮೂರರ ಬದಲು ನಾಲ್ಕು ಅವಕಾಶಗಳು ದೊರೆತುವು. ಚೆಂಡನ್ನು ಮುಂದಕ್ಕೆಸೆಯುವುದಕ್ಕಿದ್ದ ಇಪ್ಪತ್ತು ಗಜದ ಮಿತಿಯು ಹೋಯಿತು. ಮೈಭಾರವನ್ನೇ ನೆಚ್ಚಿದವರಿಗಿಂತ ಚುರುಕಾದವರಿಗೆ ಇದು ಅನುಕೂಲ. ವಾರ್ನರನು ಪಳಗಿಸಿದ ಈ ತಂಡವು 12 ಆಟಗಳನ್ನು ಗೆದ್ದು, ಒಂದನ್ನು ಸರಿಸಮಮಾಡಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯಕ್ಕೆ ಮಾತ್ರ 34-26ರಲ್ಲಿ ಸೋತಿತು.

ಎಲ್ಲಕ್ಕೂ ಮಿಗಿಲಾದುದು ನವೆಂಬರ್ 9ರ ಆಟ. ವೂಂಡೆಡ್ ನೀ ಎಂಬಲ್ಲಿ ಸೇನೆಯು ಲಕೋಟರನ್ನು ಕೊಂದು ಆಗ್ಗೆ 22 ವರ್ಷಗಳಷ್ಟೇ ಕಳೆದಿದ್ದುವು. ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಶಾಲೆಯ ತಂಡವನ್ನು ಅದರ ಬಯಲಿನಲ್ಲಿಯೇ ಕಾರ್ಲೈಲಿನವರು 27-6ರಲ್ಲಿ ಸೋಲಿಸಿದರು. ಸೋತವರಲ್ಲಿ ಮುಂದೆ ರಾಷ್ಟ್ರಾಧ್ಯಕ್ಷನಾದ ಐಸೆನ್‌ಹೋವರನೂ ಇದ್ದನು.

ಗೆದ್ದವರ ಮುಂದಾಳು ಜಿಮ್ ಥಾರ್ಪ್ ಅದೇ ಬೇಸಗೆಯಲ್ಲಿ ಸ್ಟಾಕ್‌ಹೋಮಿನಲ್ಲಿ ಎರಡು ಚಿನ್ನದ ಪದಕಗಳನ್ನು ಪಡೆದಿದ್ದನು. ಹಣಕ್ಕಾಗಿ ಬೇಸ್‌ಬಾಲ್ ಆಡಿದನೆಂದು 1913ರಲ್ಲಿ ಅವನ್ನು ಕಿತ್ತುಕೊಳ್ಳಲಾಯಿತು. ಶಾಲೆಯು 1918ರಲ್ಲಿ ಮುಚ್ಚಿತು. ಆ ಸ್ಪರ್ಧೆಗಳಲ್ಲಿ ಥಾರ್ಪನೊಬ್ಬನೇ ವಿಜೇತನೆಂಬ ಮನ್ನಣೆಯು ಬಂದುದು 2022ರಲ್ಲಿ.