ಗಾಜಿನ ಮಾಡಿಗೆ ಹೊರಗಿನಿಂದ ನೆರಳು

ಮುಲುಂಡ್‌ನ ನಮ್ಮ ಸೊಸೈಟಿಯಲ್ಲಿ ಮೇಲಿನ ಮಹಡಿಯ ಮನೆಗಳಿಗೆಲ್ಲ ಅಂಟಿಕೊಂಡೇ ಒಂದೊಂದು ಟೆರೇಸ್ ಇದೆ. ಮಳೆ ಬೀಳಬಾರದು, ಪಾರಿವಾಳ ಬರಬಾರದು ಎಂದು ಒಬ್ಬೊಬ್ಬರಾಗಿ ಅದಕ್ಕೆ ಗಾಜಿನ ಮಾಡನ್ನೋ ಪಾಲಿಕಾರ್ಬೊನೇಟ್ ಶೀಟನ್ನೋ ಹಾಕಿಸಿಕೊಂಡಿದ್ದಾರೆ. ಮಲ್ಲಿಗೆಯ ಕುಂಡ, ಕರಿಬೇವಿನ ಗಿಡ, ಒಂದು ಬೆತ್ತದ ಕುರ್ಚಿ. ಜನವರಿಯಲ್ಲಿ ಅಲ್ಲಿಂದ ಏಳುವುದಕ್ಕೇ ಮನಸ್ಸಾಗುವುದಿಲ್ಲ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಕಾಲಿಡುವ ಹಾಗಿಲ್ಲ. ಆಗ ಕೇಳಿಕೊಂಡು ಬರುತ್ತಾರೆ: "ಟೀಚರ್, ಶಾಖ ತಡೆಯುವ ಬ್ಲೈಂಡ್ಸ್ ಅಂತ ಬರ್ತದಲ್ಲ, ಯಾವುದು ಹಾಕಿಸುವುದು?" ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಯಾವುದು ಎನ್ನುವುದಕ್ಕೆ ಮೊದಲು ಎಲ್ಲಿ ಎಂದು ಕೇಳಿ ಎನ್ನುತ್ತೇನೆ. ಸಾಧ್ಯವಿದ್ದರೆ ಗಾಜಿನ ಹೊರಗೇ ಹಾಕಿಸಿ.

ಮುಂಬಯಿ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮಧ್ಯದಲ್ಲೊಮ್ಮೆ, ಜುಲೈ ಕೊನೆಯಲ್ಲೊಮ್ಮೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟ ಕಂಬಕ್ಕೆ ನೆರಳೇ ಇಲ್ಲದಾಗುತ್ತದೆ. ಜುಲೈಯಲ್ಲಿ ಮೋಡವಾದರೂ ಇರುತ್ತದೆ, ಮೇ ತಿಂಗಳಲ್ಲಿ ಅದೂ ಇಲ್ಲ. ಆದ್ದರಿಂದ ನಮ್ಮೂರಿನ ಬೇಸಿಗೆಯಲ್ಲಿ ಕಿಟಕಿಗಿಂತ ಮಾಡಿನ ಚಿಂತೆಯೇ ದೊಡ್ಡದು. ತಿಳಿಯಾದ ಮಧ್ಯಾಹ್ನ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1,000 ವ್ಯಾಟ್ ಬಿಸಿಲು ಬೀಳುತ್ತದೆ. ನೂರು ಚದರಡಿಯ ಮಾಡಿಗೆ ಇದು 9,000 ವ್ಯಾಟ್ ದಾಟುತ್ತದೆ. ಒಂದೂವರೆ ಟನ್ ಎಸಿ ಹೊರಹಾಕಬಲ್ಲ ಶಾಖ 5,300 ವ್ಯಾಟ್‌ನ ಆಸುಪಾಸು. ಗಾಜಿನ ಮಾಡನ್ನು ಹಾಗೇ ಬಿಟ್ಟು ಎಸಿ ಕೂರಿಸಿದವರ ಕರೆಂಟ್ ಬಿಲ್ ಏಕೆ ಏರುತ್ತದೆ ಎನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮಾರ್ಚ್ ತಿಂಗಳನ್ನು ಹಗುರವಾಗಿ ನೋಡಬೇಡಿ. ಪೂರ್ವದ ಒಣಗಾಳಿ ಬಲವಾಗಿದ್ದ ದಿನ ಕಡಲಗಾಳಿ ತಡವಾಗಿ ಬರುತ್ತದೆ, ಅಷ್ಟರಲ್ಲಿ ಊರು ಕಾದುಬಿಟ್ಟಿರುತ್ತದೆ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 1956ರ ಮಾರ್ಚ್ 28ರಂದು 41.7 ಡಿಗ್ರಿ ದಾಖಲಾಗಿದೆ.

ಗಾಜಿನ ಗುಣವನ್ನು ನೋಡೋಣ. ಬಿಸಿಲು ಅದರ ಮೂಲಕ ಸಲೀಸಾಗಿ ಒಳಗೆ ಬರುತ್ತದೆ. ನೆಲ, ಕುರ್ಚಿ, ಪರದೆ ಕಾದು ಹೊರಸೂಸುವ ಶಾಖದ ಕಿರಣಗಳೇ ಬೇರೆ. ಅವನ್ನು ಗಾಜು ಹೊರಗೆ ಬಿಡುವುದಿಲ್ಲ. ಒಳಗಿನ ಬ್ಲೈಂಡ್ ಬಿಸಿಲನ್ನು ಎದುರಿಸುವುದು ಅದು ಗಾಜು ದಾಟಿ ಬಂದ ಮೇಲೆ. ಒಂದಷ್ಟನ್ನು ಬೆಳಕಾಗಿಯೇ ಮರಳಿ ಕಳಿಸಿದರೂ, ತಾನು ಹೀರಿದ ಶಾಖವನ್ನು ಕೋಣೆಗೇ ಬಿಡುತ್ತದೆ. ಹೊರಗೆ ಕಟ್ಟಿದ್ದು ಎಷ್ಟೇ ಕಾದರೂ ಆ ಬಿಸಿ ಗಾಳಿಯಲ್ಲಿ ಹೋಗುತ್ತದೆ. ಹಾಗಾಗಿ ನರ್ಸರಿಯವರು ಕಟ್ಟುವ ಅಗ್ಗದ ಹಸಿರು ನೆಟ್ ಹೊರಗಿದ್ದು ಮಾಡುವ ಕೆಲಸವನ್ನು ದುಬಾರಿ ರೋಲರ್ ಬ್ಲೈಂಡ್ ಒಳಗಿದ್ದು ಮಾಡುವುದು ಕಷ್ಟ.

ಇದು ಹಳೆಯ ತಿಳಿವಳಿಕೆ. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ ಸ್ಫೂರ್ತಿಯಾದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ 1851ರಲ್ಲಿ ಎದ್ದಾಗ, ಅದನ್ನು ವಿನ್ಯಾಸಗೊಳಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಮಾಡಿನ ಹೊರಮೈಗೆ ಹತ್ತಿಬಟ್ಟೆ ಹೊದಿಸಿದ್ದರು. ಬಿಸಿಲು ಜೋರಾದರೆ ಅದಕ್ಕೆ ನೀರು ಚಿಮುಕಿಸುವ ಏರ್ಪಾಡೂ ಇತ್ತು. ನೀರಿನ ಉಪಾಯ ನಮಗೆ ಅಷ್ಟಾಗಿ ಒದಗದು, ಇಲ್ಲಿನ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ. ನಾಗಪುರದಲ್ಲಿ ತಂಪು ಕೊಡುವ ಲಾವಂಚದ ತಟ್ಟಿ ಮುಂಬಯಿಯಲ್ಲಿ ಸೋಲುವುದು ಇದಕ್ಕೇ. ಬಟ್ಟೆಯ ಉಪಾಯ ಮಾತ್ರ ಪೂರ್ತಿ ನಮ್ಮದಾಗಿಸಿಕೊಳ್ಳಬಹುದು. ನೆಟ್ ಕೊಳ್ಳುವಾಗ 50, 75, 90 ಎಂಬ ಅಂಕಿ ಕಾಣುತ್ತದೆ. ನೂರರಲ್ಲಿ ಎಷ್ಟು ಬೆಳಕು ತಡೆಯುತ್ತದೆ ಎಂಬ ಲೆಕ್ಕ ಅದು. ಮಲ್ಲಿಗೆ ಹೂ ಬಿಡಬೇಕೆಂದರೆ 50 ಸಾಕು, ಜನ ಕೂರುವ ಕಡೆ 75 ಇರಲಿ. ಹಸಿರಿಗಿಂತ ಬಿಳಿ ಅಥವಾ ಬೆಳ್ಳಿ ಬಣ್ಣದ್ದು ಮೇಲು. ಗಾಜಿನಿಂದ ಅರ್ಧ ಅಡಿಯಾದರೂ ಮೇಲಿರಲಿ, ನಡುವೆ ಗಾಳಿ ಆಡಬೇಕು.

ಹೊರಗೆ ಕಟ್ಟಲು ಎಲ್ಲರಿಗೂ ಅನುಕೂಲವಿರುವುದಿಲ್ಲ. ಕೆಲವು ಸೊಸೈಟಿಗಳು ಒಪ್ಪುವುದಿಲ್ಲ, ಕೆಲವು ಮಾಡಿನ ಮೇಲೆ ಕೈ ಎಟುಕುವುದಿಲ್ಲ. ಅಂಥವರು ಒಳಗಿನ ಬ್ಲೈಂಡನ್ನೇ ನೋಡಿ ಆರಿಸಬೇಕು. ಅಂಗಡಿಯಲ್ಲಿ ಮೊದಲು ಕೇಳಿಸುವ ಮಾತು "ಯುವಿ 95 ಪರ್ಸೆಂಟ್ ಬ್ಲಾಕ್" ಎನ್ನುವುದು. ಸೋಫಾದ ಬಣ್ಣ ಮಾಸದಿರಲು ಅದು ಒಳ್ಳೆಯದೇ. ಆದರೆ ನೆಲಕ್ಕೆ ತಲುಪುವ ಬಿಸಿಲಿನ ಶಕ್ತಿಯಲ್ಲಿ ಅತಿನೇರಳೆಯ ಪಾಲು ನೂರಕ್ಕೆ ಐದರಷ್ಟು. ಅರ್ಧದಷ್ಟು ಶಕ್ತಿ ಕಣ್ಣಿಗೆ ಕಾಣದ ಅವಕೆಂಪಿನಲ್ಲಿದೆ, ಉಳಿದದ್ದು ಕಾಣುವ ಬೆಳಕಿನಲ್ಲಿ. ನೀವು ಕೇಳಬೇಕಾದದ್ದು ಸೋಲಾರ್ ರಿಫ್ಲೆಕ್ಟೆನ್ಸ್, ಅಂದರೆ ಒಟ್ಟು ಬಿಸಿಲಿನಲ್ಲಿ ಎಷ್ಟನ್ನು ಹಿಂದಕ್ಕೆ ಕಳಿಸುತ್ತದೆ ಎಂಬ ಅಂಕಿ. ಕಪ್ಪು ಬ್ಲೈಂಡ್ ಕೋಣೆಯನ್ನು ಕತ್ತಲು ಮಾಡುತ್ತದೆ, ಕತ್ತಲಾದದ್ದೆಲ್ಲ ತಂಪಾಗುವುದಿಲ್ಲ.

ಅಂಗಡಿಯವರಿಗೆ ಆ ಅಂಕಿ ಗೊತ್ತಿಲ್ಲದಿದ್ದರೆ ಸ್ಯಾಂಪಲ್ ತುಂಡುಗಳನ್ನು ಕೇಳಿ ತನ್ನಿ. ಮಧ್ಯಾಹ್ನ ಒಂದು ಗಂಟೆಗೆ ಗಾಜಿನ ಕೆಳಗೆ, ಬಿಸಿಲು ಬೀಳುವಲ್ಲಿ, ಎರಡು ಕುರ್ಚಿಗಳ ಬೆನ್ನಿಗೆ ದಾರ ಕಟ್ಟಿ ತುಂಡುಗಳನ್ನು ಅದರ ಮೇಲೆ ಅಡ್ಡವಾಗಿ ಹರಡಿ ಕ್ಲಿಪ್ ಹಾಕಿ. ಕಾಲು ಗಂಟೆ ಬಿಟ್ಟು ಒಂದೊಂದರ ಅಡಿಗೂ ಮುಂಗೈ ಹಿಡಿಯಿರಿ, ಬಟ್ಟೆಗೆ ತಾಗಿಸಬೇಡಿ. ಗಾಢ ಬೂದು ಬಣ್ಣದ್ದರ ಕೆಳಗೆ ಚರ್ಮಕ್ಕೆ ಝಳ ಬಡಿಯುತ್ತದೆ. ಬೆನ್ನಿಗೆ ಅಲ್ಯೂಮಿನಿಯಂ ಲೇಪವಿದ್ದು ಆ ಹೊಳಪು ಆಕಾಶಕ್ಕೆ ಮುಖ ಮಾಡಿದ್ದರ ಕೆಳಗೆ ಅದು ಎದ್ದು ಕಾಣುವಷ್ಟು ಕಡಿಮೆ. ಹೊಳಪಿನ ಮೇಲೆ ಧೂಳು ಕೂತರೆ ಗುಣ ಹೋಯಿತು, ಒರೆಸಲು ಬರುವಂಥದ್ದನ್ನೇ ಆರಿಸಿ. ಹತ್ತಿಬಟ್ಟೆ, ಬಿದಿರಿನ ಚಿಕ್ ನೋಡಲು ಚೆನ್ನ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ. ಪಾಲಿಯೆಸ್ಟರ್ ಅಥವಾ ಫೈಬರ್‌ಗ್ಲಾಸ್ ಬಟ್ಟೆ ಬಾಳುತ್ತದೆ. ಮಾಡಿನ ಬ್ಲೈಂಡ್ ಅಡ್ಡಲಾಗಿ ಮಲಗುವುದರಿಂದ ಜೋತುಬೀಳುತ್ತದೆ. ಎರಡೂ ಬದಿಗೆ ಬಿಗಿಯಾದ ತಂತಿ ಬೇಕು.

ಬ್ಲೈಂಡ್ ಗಾಜಿಗೆ ಅಂಟಿಕೊಂಡಂತೆ ಇರಬಾರದು, ಎರಡು ಇಂಚಾದರೂ ಅಂತರ ಬಿಡಿ. ಗಾಢ ಬಣ್ಣದ್ದು ತೀರ ಹತ್ತಿರವಿದ್ದರೆ ಗಾಜಿನ ನಡುಭಾಗ ಕಾದು, ಫ್ರೇಮಿನೊಳಗಿನ ಅಂಚು ತಣ್ಣಗೇ ಉಳಿದು, ಆ ಸೆಳೆತಕ್ಕೆ ಟಫನ್ಡ್ ಅಲ್ಲದ ಗಾಜು ಬಿರುಕು ಬಿಡಬಹುದು. ಮೇಲೆ ಸೇರುವ ಬಿಸಿಗಾಳಿಗೂ ದಾರಿ ಬೇಕು. ಮಾಡು ಅತಿ ಎತ್ತರವಿರುವ ಕಡೆ ಒಂದು ಲೂವರ್ ಅಥವಾ ಸಣ್ಣ ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಒಳಗಿನ ಬ್ಲೈಂಡಿಗೆ ಹಾಕಿದ ಹಣ ಅರ್ಧ ದಂಡ.

ಹೊರಗೆ ನೆಟ್ ಕಟ್ಟುವವರು ಮೇ ಕೊನೆಯೊಳಗೆ ಬಿಚ್ಚಿ, ತೊಳೆದು, ಒಣಗಿಸಿ ಮಡಚಿಡಬೇಕು. ಜೂನ್‌ನ ಮೊದಲ ಗಾಳಿಮಳೆಗೆ ಅದು ಹಾಯಿಯಂತೆ ಉಬ್ಬಿ ಫ್ರೇಮನ್ನೇ ಎಳೆಯುತ್ತದೆ. ಮಳೆ ಹಿಂದೆ ಸರಿದು ಅಕ್ಟೋಬರ್ ಹೀಟ್ ಶುರುವಾದಾಗ ಮತ್ತೆ ಕಟ್ಟಿ. ಬಿಚ್ಚಿ ಕಟ್ಟುವುದು ಸುಲಭವಾಗಲೆಂದು ಅಂಚಿಗೆ ಐಲೆಟ್ ಹೊಡೆಸಿ ಕೊಕ್ಕೆಗೆ ಸಿಕ್ಕಿಸುವಂತೆ ಮಾಡಿಸಿ. ಕಡಲ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಕೊಕ್ಕೆ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕೆಂದು ಫ್ಯಾಬ್ರಿಕೇಟರ್‌ಗೆ ಅಡ್ವಾನ್ಸ್ ಕೊಡುವ ಮೊದಲೇ ಹೇಳಿ.