ತಂಗಡಿ ಎಲೆ ಮತ್ತು ಇಲಿಯ ಯಕೃತ್ತು

ಐಗಳಿ ಕ್ರಾಸಿನಿಂದ ಊರಿನತ್ತ ಹೊರಳಿದರೆ ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡು. ತೋಟ ಮುಗಿದಲ್ಲಿ ಮಡ್ಡಿ. ಅಥಣಿ ತಾಲ್ಲೂಕಿನ ಈ ಪೂರ್ವಭಾಗದಲ್ಲಿ ಮಳೆ ಕಡಿಮೆ. ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಒಡ್ಡುಗಳ ಮೇಲೆ ತಂಗಡಿ ಹಳದಿ ಹೂ ಹೊತ್ತು ನಿಂತಿರುತ್ತದೆ. ಕೆಲವರು ಇದನ್ನೇ ಆವರಿಕೆ ಎನ್ನುತ್ತಾರೆ.

ಒಂದು ದಂಟಿಗೆ ಎಂಟರಿಂದ ಹನ್ನೆರಡು ಜೋಡಿ ಕಿರುಎಲೆ. ಪ್ರತಿ ಜೋಡಿಯ ನಡುವೆ ಕಡ್ಡಿಯಂತೆ ಎದ್ದ ಪುಟ್ಟ ಗ್ರಂಥಿ. ದಂಟಿನ ಬುಡದಲ್ಲಿ ಕಿವಿಯಾಕಾರದ ಅಗಲವಾದ ಎರಡು ಎಲೆಚೂರು. ಹಳದಿ ಹೂವಿನ ಬೇರೆ ಗಿಡಗಳ ನಡುವೆ ತಂಗಡಿಯನ್ನು ಗುರುತಿಸಲು ಅವು ಸಾಕು. ಹೂವಿನಲ್ಲಿ ಮಕರಂದವಿಲ್ಲ. ಇರುವುದು ಪರಾಗ ಮಾತ್ರ, ಅದೂ ಕೇಸರದ ತುದಿಯ ಸಣ್ಣ ರಂಧ್ರದೊಳಗೆ. ಕರಿ ಬಡಗಿ ದುಂಬಿ ಬಂದು ಹೂವನ್ನು ತಬ್ಬಿ ಎದೆಯ ಸ್ನಾಯು ಅದುರಿಸುತ್ತದೆ. ಗುಂಯ್‌ಗುಟ್ಟುವಿಕೆ ಒಮ್ಮೆಲೇ ಏರುತ್ತದೆ, ಪರಾಗ ಅದರ ಮೈಮೇಲೆ ಚೆಲ್ಲುತ್ತದೆ. ಬೆಳ್ಳನೆಯ ವಲಸೆ ಚಿಟ್ಟೆಯ ಹಸಿರು ಹುಳು ಎಲೆಯ ಅಂಚಿನಿಂದ ಒಳಕ್ಕೆ ಮೇಯುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆದರೆ ನಾನು ನೋಡುತ್ತಿದ್ದ ಹಿಂಡು ಜಾಲಿಯನ್ನೆಲ್ಲ ಬೋಳಿಸಿ, ಪಕ್ಕದ ತಂಗಡಿಯನ್ನು ಮೂಸಿ ಮುಂದೆ ಹೋಯಿತು.

ಹಿಂಡಿನ ಹಿಂದಿದ್ದ ಹಿರಿಯರು ನಿಂತು ಕೇಳಿದರು: "ಶುಗರಿಗೆ ನಮ್ಮಕ್ಕ ಇದನ್ನ ಕುದಿಸಿ ಕುಡೀತಾಳ್ರಿ. ಇಲಿಗೆ ಕುಡಿಸಿ ನೋಡ್ಯಾರಂತ, ಖರೇ ಏನ್ರಿ?"

ಖರೆ. ಪ್ರಯೋಗಾಲಯದಲ್ಲಿ ಇಲಿಗೆ ಮೊದಲು ಸಕ್ಕರೆ ಕಾಯಿಲೆ ಬರಿಸುತ್ತಾರೆ. ಸ್ಟ್ರೆಪ್ಟೊಜೊಟೊಸಿನ್ ಎಂಬ, ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ವಸ್ತುವನ್ನು ಚುಚ್ಚಿದರೆ ಅದು ಗ್ಲೂಕೋಸ್ ಹೊಕ್ಕುವ ದಾರಿಯಲ್ಲೇ ಹೊಕ್ಕು, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಕೊಬ್ಬಿನ ಅಂಶಗಳೂ ಹದ ತಪ್ಪುತ್ತವೆ. ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದ ಪಾರಿ ಮತ್ತು ಲತಾ ಇಂಥ ಇಲಿಗಳಿಗೆ ತಂಗಡಿ ಹೂವಿನ ನೀರುಸಾರವನ್ನು 30 ದಿನ ಕುಡಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಿಲೋ ತೂಕಕ್ಕೆ 0.45 ಗ್ರಾಂ ಕೊಟ್ಟಾಗ ಸಕ್ಕರೆ ಇಳಿಯಿತು, ಇನ್ಸುಲಿನ್ ಏರಿತು, ಕೊಬ್ಬು ಹದಕ್ಕೆ ಬಂತು. 2009ರಲ್ಲಿ ದೆಹಲಿಯ ಸಂಶೋಧಕರು ಎಲೆಯ ಸಾರದಲ್ಲೂ ಇದೇ ಬಗೆಯ ಗುಣ ಕಂಡರು.

ಇದಕ್ಕೂ ಮೊದಲು, 1981ರಲ್ಲಿ, ಶ್ರೀಲಂಕಾದಿಂದ ಇನ್ನೊಂದು ವರದಿ ಬಂದಿತ್ತು. ಅಲ್ಲಿ ತಂಗಡಿಗೆ ರಣವರಾ ಎನ್ನುತ್ತಾರೆ, ಚಹದಂತೆ ಕುಡಿಯುತ್ತಾರೆ. ಅರ್ಸೆಕುಲರತ್ನೆ ಮತ್ತು ಸಂಗಡಿಗರು 50 ಮದ್ದಿನ ಗಿಡಗಳನ್ನು ಪರೀಕ್ಷಿಸಿದಾಗ ಮೂರರಲ್ಲಿ ಪೈರೊಲಿಜಿಡಿನ್ ಆಲ್ಕಲಾಯ್ಡುಗಳು ಸಿಕ್ಕವು. ಆ ಮೂರರಲ್ಲಿ ತಂಗಡಿಯೂ ಒಂದು. ಅವನ್ನು ಬೆರೆಸಿದ ಆಹಾರ ತಿಂದ ಇಲಿಗಳ ಯಕೃತ್ತು ಹಾಳಾಗಿತ್ತು. ಈ ಆಲ್ಕಲಾಯ್ಡುಗಳನ್ನು ವಿಷವಾಗಿ ಮಾರ್ಪಡಿಸುವುದು ಯಕೃತ್ತೇ. ತಿಂದದ್ದನ್ನು ಅರಗಿಸಿ ಹೊರಹಾಕಲು ನಡೆಯುವ ಚಯಾಪಚಯವೇ ಅಲ್ಲಿ ಗಾಯ ಮಾಡುತ್ತದೆ. ಅದು ಬಹುಕಾಲ ನೋವಿಲ್ಲದೆ, ಗೊತ್ತಾಗದೆ ಬೆಳೆಯಬಲ್ಲದು. ಮೂರರಲ್ಲಿ ಇನ್ನೊಂದು ಗಿಜಿಗಿಜಿ ಕುಲದ ಗಿಡ. ಒಣಗಿದ ಕಾಯಿ ಅಲುಗಿಸಿದರೆ ಸದ್ದು ಮಾಡುವ ಆ ಕುಲದವು ಐಗಳಿಯ ಇದೇ ಒಡ್ಡಿನ ಮೇಲೆ, ತಂಗಡಿಗೆ ತಾಗಿಕೊಂಡೇ ಬೆಳೆದಿವೆ. ಅವಸರದಲ್ಲಿ ಸೊಪ್ಪು ಕೀಳುವ ಕೈಗೆ ಎರಡೂ ಬರುತ್ತವೆ.

ಎರಡೂ ಬಗೆಯ ಪ್ರಯೋಗಗಳನ್ನು ನಾನು ನಂಬುತ್ತೇನೆ. 30 ದಿನಗಳ ಸಕ್ಕರೆ ಅಳತೆಯಲ್ಲಿ ವರ್ಷಾನುಗಟ್ಟಲೆ ಕುಡಿದವರ ಯಕೃತ್ತಿನ ಸ್ಥಿತಿ ಕಾಣುವುದಿಲ್ಲ. ಚುಚ್ಚುಮದ್ದಿನಿಂದ ಬೀಟಾ ಕೋಶ ಕಳೆದುಕೊಂಡ ಇಲಿಯ ಕಾಯಿಲೆಯೂ, ವಯಸ್ಸಾದಂತೆ ಇನ್ಸುಲಿನ್ನಿಗೆ ಮೈ ಮಣಿಯದೆ ಬರುವ ನಮ್ಮ ಊರುಗಳ ಕಾಯಿಲೆಯೂ ಒಂದೇ ಅಲ್ಲ. ಪ್ರಮಾಣವನ್ನೂ ನೋಡಬೇಕು. 200 ಗ್ರಾಂ ಇಲಿಗೆ ಸಿಕ್ಕದ್ದು 90 ಮಿಲಿಗ್ರಾಂ. ತೂಕವನ್ನಷ್ಟೇ ಹಿಡಿದು ಗುಣಿಸಿದರೆ 60 ಕಿಲೋ ಮನುಷ್ಯನಿಗೆ 27 ಗ್ರಾಂ ಬರುತ್ತದೆ. ಮೈಯ ಹೊರಹರವಿನ ಲೆಕ್ಕ ಹಿಡಿದರೆ ನಾಲ್ಕೂವರೆ ಗ್ರಾಂ ಸಹ ಆಗುವುದಿಲ್ಲ. ಮನೆಯ ಕಷಾಯದ ಲೋಟದಲ್ಲಿ ಎಷ್ಟು ಇಳಿದಿದೆಯೋ ಯಾರೂ ತೂಗಿಲ್ಲ.

ಸಾರ ತೆಗೆಯುವವರು ಎಲೆ ಕಿತ್ತ ತಿಂಗಳು, ಮಣ್ಣು, ಎಲೆಯ ಪ್ರಾಯವನ್ನು ತಪ್ಪದೆ ಬರೆದಿಡಬೇಕೆಂಬುದು ನನ್ನ ಹಠ. ಗಿಡ ತನ್ನ ರಕ್ಷಣೆಗೆ ಮಾಡಿಕೊಳ್ಳುವ ರಾಸಾಯನಿಕಗಳು ಮಳೆಗೂ ಬರಕ್ಕೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಬೆಳಗಾವಿಯಲ್ಲೇ ರಾಷ್ಟ್ರೀಯ ಪಾರಂಪರಿಕ ಔಷಧ ಸಂಸ್ಥೆ ಇದೆ. ಮಡ್ಡಿಯ ಎಲೆ, ಎರಿ ಭೂಮಿಯ ಎಲೆ, ಬೇಸಿಗೆಯ ಎಲೆ ಎಂದು ಬೇರೆ ಬೇರೆ ಇಟ್ಟು ಆ ಆಲ್ಕಲಾಯ್ಡುಗಳನ್ನು ಹುಡುಕುವ ಕೆಲಸ ನಮ್ಮ ಜಿಲ್ಲೆಯಲ್ಲೇ ಆಗಬೇಕು.

ಹಿರಿಯರಿಗೆ ಹೇಳಿದೆ: ಅಕ್ಕ ಗುಳಿಗೆ ಬಿಡಬಾರದು. ಗುಳಿಗೆಯ ಜತೆಗೆ ಕಷಾಯವೂ ಸೇರಿದರೆ ಸಕ್ಕರೆ ತೀರ ಇಳಿದು ತಲೆಸುತ್ತು ಬರಬಹುದು. ಕುಡಿಯುತ್ತಿರುವುದನ್ನು ಡಾಕ್ಟರಿಗೆ ತಿಳಿಸಿ, ರಕ್ತ ಕೊಡುವಾಗ ಸಕ್ಕರೆಯೊಂದಿಗೆ ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಬೇಕು. ಅಲ್ಲಿಯತನಕ ಕಷಾಯ ನಿಲ್ಲಿಸುವುದೇ ಒಳ್ಳೆಯದು.