ಬೆಟ್ಟದ ಶಾಲೆಯೂ ಬಯಲಿನ ಮಕ್ಕಳೂ

ಗೋರ್ಟಾ (ಬಿ) ಗ್ರಾಮದ ಮಗು ಕನ್ನಡ, ಮರಾಠಿ, ಉರ್ದು ಮೂರನ್ನೂ ಕೇಳುತ್ತ ಬೆಳೆಯುತ್ತದೆ. ಅದಕ್ಕೆ ‘ಅಂತರರಾಷ್ಟ್ರೀಯ ಶಾಲೆ’ ಎಂಬ ಮಾತು ಬಲು ದೂರದ್ದೆನಿಸೀತು. ಆದರೆ ಅಂತಹ ಶಾಲೆಯ ಹುಟ್ಟಿಗೂ ನಮ್ಮ ಸೀಮೆಯಂತಹ ಬಯಲುನಾಡಿಗೂ ನಂಟಿದೆ.

ಬೀದರ ಸೀಮೆಯಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದರು. ಇಂತಹ ಮಿಷನರಿಗಳ ಸ್ವಂತ ಮಕ್ಕಳ ವಿದ್ಯೆಯ ಗತಿಯೇನು? ಈ ಚಿಂತೆಯಿಂದಲೇ ದಕ್ಷಿಣ ಭಾರತದಲ್ಲಿದ್ದ ಅಮೆರಿಕನ್ ಮಿಷನರಿಗಳು 1901ರಲ್ಲಿ ತಮಿಳುನಾಡಿನ ಕೊಡೈಕೆನಾಲಿನಲ್ಲಿ ಶಾಲೆಯೊಂದನ್ನು ತೆರೆದರು. ಮಾರ್ಗರೆಟ್ ಎಡ್ಡಿ ಎಂಬ ಮಹಿಳೆ ಅದರ ಮೊದಲ ಮುಖ್ಯಸ್ಥೆ. ಬೆಟ್ಟದ ತಂಪಿನಲ್ಲಿ ಅಮೆರಿಕದ ಪಾಠಕ್ರಮ. ಸ್ವದೇಶದ ಕಾಲೇಜು ಸೇರಲು ಬೇಕಾದ ಸಿದ್ಧತೆ. ತಂದೆತಾಯಂದಿರು ಬಯಲಿನ ಜನರ ನಡುವೆ, ಮಕ್ಕಳು ಬೆಟ್ಟದ ಮೇಲೆ! ಇದು ತ್ಯಾಗವೂ ಹೌದು, ಸ್ಥಳೀಯರಿಂದ ಕಾಯ್ದುಕೊಂಡ ಅಂತರವೂ ಹೌದು. ನಾವು ಒಂದನ್ನು ಹೊಗಳಿ ಇನ್ನೊಂದನ್ನು ಮುಚ್ಚಿಡಲಾಗದು.

ಕಾಲಕ್ರಮದಲ್ಲಿ ಭಾರತೀಯ ಮಕ್ಕಳಿಗೂ ಆ ಬಾಗಿಲು ತೆರೆಯಿತು. 1974ರಲ್ಲಿ ಹೆಸರೇ ‘ಕೊಡೈಕೆನಾಲ್ ಇಂಟರ್‌ನ್ಯಾಷನಲ್ ಸ್ಕೂಲ್’ ಎಂದಾಯಿತು. 1976ರಲ್ಲಿ ಭಾರತದಲ್ಲೇ ಮೊದಲಿಗೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ ಪಾಠಕ್ರಮ ಅಲ್ಲಿಗೆ ಬಂತು. ನಾನಾ ದೇಶಗಳ ಮಕ್ಕಳು ಸ್ಥಳೀಯರೊಡನೆ ಒಂದೇ ತರಗತಿಯಲ್ಲಿ ಕುಳಿತರು. ಬಣ್ಣದ ಅಂತರ ಕಳೆಯಿತು. ಶುಲ್ಕದ ಅಂತರ ಉಳಿಯಿತು. ತೊಗರಿ ಬೆಳೆಯುವ ನಮ್ಮ ರೈತನ ಮಗು ವಿದ್ಯಾರ್ಥಿವೇತನವಿಲ್ಲದೆ ಆ ಬೆಟ್ಟ ಹತ್ತುವುದು ಇಂದಿಗೂ ಕಷ್ಟವೇ.